ಪ್ಲಸ್ ಹತ್ತರ ಗಾಜು

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಮಧುಗಿರಿಯ ನಮ್ಮ ಶೆಡ್ಡಿನಲ್ಲಿ ಇದ್ದವರೆಂದರೆ ಕೆಲಸದ ಹೆಂಗಸರಾದ ನಾವು, ನಮ್ಮ ಯಜಮಾನರು, ಅವರ ತಾಯಿ, ಮತ್ತು ಆಗಲೇ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮದುವಣಗಿತ್ತಿಯ ಹಾಗೆ ನಿಂತಿದ್ದ ಲೇಸರ್ ಮೆಷಿನ್ನು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶೆಡ್ಡು ಬೆಟ್ಟದ ಬುಡದಲ್ಲಿತ್ತು. ಹೊತ್ತು ಏರಿದಂತೆ ಬಂಡೆಯ ಕಾವು ಗೋಡೆ ದಾಟಿ ಒಳಗೆ ಬರುತ್ತಿತ್ತು. ಮೆಷಿನ್ನು ತಣ್ಣಗಿರಲೆಂದು ನಾವು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದೆವು.

ಯಜಮಾನರದು ತಲೆತಲಾಂತರದಿಂದ ಕಡಲೆಕಾಯಿ ಮಂಡಿ ನಡೆಸಿಕೊಂಡು ಬಂದ ಲಿಂಗಾಯತರ ಮನೆ. ಅವರಿಗೆ ಇದ್ದಕ್ಕಿದ್ದಂತೆ ಕೈಗಾರಿಕೆಯ ಹುಚ್ಚು ಹತ್ತಿ, ಬೆಂಗಳೂರಿನ ಒಂದು ಕಂಪನಿಯಿಂದ ರಿಲೇ ಡಬ್ಬಿಗೆ ಮುಚ್ಚಳ ಬೆಸೆಯುವ ಕೆಲಸ ಹಿಡಿದಿದ್ದರು. ರಿಲೇ ಅಂದರೆ ಕರೆಂಟು ಹಚ್ಚಿ ಆರಿಸುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ, ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ. ಅದರೊಳಕ್ಕೆ ಗಾಳಿಯಾಗಲಿ ತೇವವಾಗಲಿ ಹೋಗಕೂಡದು. ಹಾಗೆ ಮುಚ್ಚಲೆಂದು ಕಂಪನಿಯವರು ತಮ್ಮ ಹಳೆಯ ಲೇಸರ್ ಮೆಷಿನ್ನನ್ನೇ ನಮಗೆ ಎರವಲು ಕೊಟ್ಟಿದ್ದರು.

ಬೀರುವಿನಷ್ಟು ಎತ್ತರದ ಪೆಟ್ಟಿಗೆ ಅದು. ಒಳಗೆ ತಿಳಿನೇರಳೆ ಬಣ್ಣದ ಒಂದು ಗಾಜಿನ ಕಡ್ಡಿ. ಅದರ ಪಕ್ಕದಲ್ಲಿ ಫೋಟೋ ಸ್ಟುಡಿಯೋದ ಫ್ಲ್ಯಾಷಿನಂಥದೇ, ಆದರೆ ಅದಕ್ಕಿಂತ ಎಷ್ಟೋ ಪಾಲು ಬಲವಾದ ದೀಪ. ಕಾಲಿನಿಂದ ಪೆಡಲ್ ತುಳಿದರೆ ದೀಪ ಮಿಂಚುತ್ತಿತ್ತು, ಕಡ್ಡಿಯಿಂದ ಕಣ್ಣಿಗೆ ಕಾಣದ ಬೆಳಕು ಹೊರಟು ಕೆಳಗಿನ ಲೆನ್ಸಿನ ಮೂಲಕ ಹಾದು ಸೂಜಿಮೊನೆಯಷ್ಟು ಜಾಗದಲ್ಲಿ ಕೂಡುತ್ತಿತ್ತು. ಅಲ್ಲಿ ತಗಡು ಕರಗಿ ಬೆಸೆದುಕೊಳ್ಳುತ್ತಿತ್ತು. ಹಸಿರು ಗಾಜಿನ ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಡಬ್ಬಿ ಕೂರಿಸಿದ ತಿರುಗಣೆ ತಿರುಗಿಸುತ್ತ, ಕಾಲಲ್ಲಿ ತುಳಿಯುತ್ತ, ಒಂದು ಚುಕ್ಕಿಯ ಅರ್ಧದ ಮೇಲೆ ಮುಂದಿನ ಚುಕ್ಕಿ ಕೂರುವಂತೆ ಅಂಚಿನ ಸುತ್ತ ಹೋಗಬೇಕು. ರವಿಕೆಗೆ ಒತ್ತು ಹೊಲಿಗೆ ಹಾಕಿ ಬಲ್ಲವರಿಗೆ ಇದು ಬೇಗ ಒಗ್ಗುತ್ತಿತ್ತು.

ಆಯುಧಪೂಜೆಗೆ ಮುಟ್ಟಿ ದುಡಿಯುವ ಸಾಮಾನನ್ನೆಲ್ಲ ಬಿಚ್ಚಿ, ತೊಳೆದು, ಹರಡಿ ಇಡುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಹಿಂದಿನ ದಿನವೇ ನಾನು, ನನ್ನ ಜೊತೆಯ ಪಾವಗಡದ ಅಕ್ಕ ಇಬ್ಬರೂ ಕೂತು ಲೆನ್ಸನ್ನು ಉಂಗುರ ಸಮೇತ ಬಿಚ್ಚಿ ಶುಚಿ ಮಾಡಿದ್ದೆವು. ಅದಕ್ಕೊಂದು ಕ್ರಮವಿದೆ. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು. ಬಾಯಿಂದ ಊದಿದರೆ ಎಂಜಲಿನ ತುಂತುರು ಕೂರುತ್ತದೆ. ಆಮೇಲೆ ತೆಳ್ಳನೆಯ ಕಾಗದವನ್ನು ಲೆನ್ಸಿನ ಮೇಲೆ ಹಾಸಿ, ಒಂದು ಹನಿ ಅಸಿಟೋನ್ ಬಿಟ್ಟು, ಒತ್ತದೆ, ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಬೇಕು. ಎಳೆದ ಕಾಗದ ಬುಟ್ಟಿಗೆ. ಉಜ್ಜುವುದು ಅನ್ನುವ ಮಾತೇ ಇಲ್ಲ. ಯಾಕೆಂದರೆ ಆ ಗಾಜಿನ ಮೇಲೆ ಕಂಡೂ ಕಾಣದ ಒಂದು ನೀಲಿ ಲೇಪವಿರುತ್ತದೆ. ಬೆಳಕು ಗಾಜಿಗೆ ಬಡಿದು ಹಿಂದಕ್ಕೆ ಪುಟಿಯದಂತೆ ತಡೆಯುವುದು ಅದೇ. ಅದು ಗೀರಿತೋ, ಲೆನ್ಸಿನ ಆಯಸ್ಸು ಮುಗಿದ ಹಾಗೆ. ನಮ್ಮಲ್ಲಿದ್ದ ಇನ್ನೊಂದು ಲೆನ್ಸು ಬೇಸಿಗೆಯಲ್ಲೇ, ಕರಗಿದ ತಗಡಿನ ಕಿಡಿ ಸಿಡಿದು ಸಿಡುಬಿನ ಮುಖದಂತಾಗಿತ್ತು. ಉಳಿದಿದ್ದು ಇದೊಂದೇ. ಶುಚಿ ಮಾಡಿ ಸ್ಟೀಲ್ ತಟ್ಟೆಯಲ್ಲಿ ಕಾಗದ ಹಾಸಿ ಇಟ್ಟಿದ್ದೆವು.

ಯಜಮಾನರ ತಾಯಿಯನ್ನು ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆದವರು. ದಪ್ಪ ಗಾಜಿನ ಕನ್ನಡಕದ ಹಿಂದೆ ಅವರ ಕಣ್ಣು ಎತ್ತಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸ್ಕ್ರೂಡ್ರೈವರು, ಇಕ್ಕಳ, ತಕ್ಕಡಿ ಎಲ್ಲಕ್ಕೂ ಮೂರು ಬೆರಳು ವಿಭೂತಿ ಎಳೆಯುತ್ತ ಬಂದವರು ತಟ್ಟೆಯ ಮುಂದೆ ನಿಂತರು.

"ಇದೇನೇ ಇದು, ಪಳಪಳ ಅಂತದೆ?"

"ಮೆಷಿನ್ನಿನ ಕಣ್ಣು ಅವ್ವಾರೆ, ಮುಟ್ಬ್ಯಾಡಿ," ಅಂದಳು ಅಕ್ಕ, ಹೂವು ಕಟ್ಟುತ್ತಿದ್ದ ಕಡೆಯಿಂದ.

"ಕಣ್ಣಿಗೇ ಇಕ್ಕದೆ ಇದ್ರೆ ಇನ್ನೆಲ್ಲಿಗೆ ಇಕ್ಕೋದೇ?" ಅಂದವರೇ ಗಾಜಿನ ಮೇಲೆ ಬೆರಳು ಎಳೆದೇಬಿಟ್ಟರು.

ನಾವು ಹೋ ಎಂದು ಓಡಿ ಬರುವಷ್ಟರಲ್ಲಿ ಯಜಮಾನರು ಗಾಬರಿಯಿಂದ ಹೆಗಲ ಮೇಲಿನ ಜರಿ ಶಲ್ಯದ ತುದಿಯಿಂದ ಅದನ್ನು ಗಸಗಸ ಒರೆಸಿದರು. "ಹೋಯ್ತು ಬುಡ್ರವ್ವ, ಎಲ್ಲ ಹೋಯ್ತು," ಅಂದರು. ವಿಭೂತಿಯಂತೂ ಹೋಯಿತು. ಬೆಳಕಿಗೆ ಓರೆ ಹಿಡಿದು ನೋಡಿದರೆ ನೀಲಿ ಲೇಪದ ತುಂಬ ಕೂದಲಿನಂಥ ಗೀರುಗಳು.

ಇದನ್ನು ಹಾಕಿ ಓಡಿಸುವುದು ಬೇಡ ಎಂದು ನಾವಿಬ್ಬರೂ ಹೇಳಿದೆವು. ಡಬ್ಬಿ ಕಳಿಸಲು ಬೆಂಗಳೂರಿನಿಂದ ಒತ್ತಾಯವಿತ್ತು. "ದೇವ್ರ ಬೂದಿ ಕಣ್ರಮ್ಮ, ಕೇಡು ಮಾಡ್ತದಾ?" ಎಂದರು ಯಜಮಾನರು. ಹಬ್ಬ ಕಳೆದು ಕೆಲಸ ಶುರುವಾದ ಮೇಲೆ ಅರ್ಧ ದಿನ ಸುಮ್ಮನೆ ನಡೆಯಿತು. ಆಮೇಲೆ ಪೆಡಲ್ ತುಳಿದಾಗ ಮೇಲಿನಿಂದ 'ಪಟ್' ಎಂದು ಒಂದು ಶಬ್ದ. ಬಿಚ್ಚಿ ನೋಡಿದರೆ ಗೀರುಗಳು ಕೂಡುವ ಜಾಗದಲ್ಲಿ ಲೇಪ ಸುಟ್ಟು, ಗಾಜಿನ ಒಳಗೆ ಬಿಳೀ ನಕ್ಷತ್ರದಂಥ ಬಿರುಕು.

ಯಜಮಾನರು ಟ್ರಂಕ್ ಕಾಲ್ ಮಾಡಿದರು. ಶುಕ್ರವಾರ ಕಂಪನಿಯ ತಪಾಸಣೆ ಅಧಿಕಾರಿ ಕಾರಿನಲ್ಲಿ ಬಂದಿಳಿದರು, ಜೊತೆಗೆ ಒಬ್ಬ ಎಂಜಿನಿಯರ್. ಅಧಿಕಾರಿ ಲೆನ್ಸನ್ನು ಕಿಟಕಿಗೆ ಹಿಡಿದು ನೋಡಿದರು.

"ಏನು ಹಚ್ಚಿದಿರಿ ಇದರ ಮೇಲೆ?"

ಯಜಮಾನರು ನೆಲ ನೋಡಿದರು. ಮೂಲೆಯ ಸ್ಟೂಲಿನಿಂದ ಅವ್ವಾರು ಅಳುಕದೆ ಹೇಳಿದರು: "ಇಬೂತಿ ಕಣಪ್ಪ. ನಾನೇ ಹಚ್ಚಿದ್ದು."

ಅಧಿಕಾರಿ ನಗಲೂ ಇಲ್ಲ, ಅವರ ಮೇಲೆ ಸಿಟ್ಟಾಗಲೂ ಇಲ್ಲ. ತಿರುಗಿ ನಮ್ಮ ಸಾಲನ್ನು ನೋಡಿದರು. "ಹಳ್ಳಿ ಹೆಂಗಸರ ಕೈಗೆ ಲೇಸರ್ ಕೊಟ್ಟಿದ್ದೇ ತಪ್ಪಾಯಿತು. ಒಲೆ ಊದುವ ಕೊಳವೆ ಕೊಟ್ಟಿದ್ದರೆ ಸಾಕಾಗಿತ್ತು."

ನನಗೆ ಸುಮ್ಮನಿರಲು ಆಗಲಿಲ್ಲ. ನಾನು ಬರಗೂರು ಕಡೆಯ ಕುರಿಯವರ ಮನೆಯಲ್ಲಿ, ಮಾತಿಗೆ ಮಾತು ಕೊಡದಿದ್ದರೆ ಊಟ ಇಳಿಯದ ಅಜ್ಜಿಯ ಕೈಯಲ್ಲಿ ಬೆಳೆದವಳು. "ಒಲೆ ಊದಕ್ಕೂ ಅಳತೆ ಬೇಕು ಸಾರ್. ತಿಳೀದೋರು ಊದಿದ್ರೆ ಕೆಂಡ ಅವರ ಮಕಕ್ಕೇ ಹಾರ್ತದೆ. ಈ ಲೆನ್ಸು ಒರೆಸಿದ್ದು ನಮ್ಮ ಕೈಯಲ್ಲ. ನಮ್ಮ ಕೈಲಿ ಎಷ್ಟು ಡಬ್ಬಿ ಪಾಸಾಗಿ ಬಂದವೆ, ಅದನ್ನ ಹೇಳಿ."

ಯಜಮಾನರು "ಏಯ್, ಸುಮ್ಕಿರಮ್ಮ" ಎಂದು ಗದರಿದರು. ಅಧಿಕಾರಿ ಲೆನ್ಸನ್ನು ಯಜಮಾನರ ಕೈಗೆ ಹಾಕಿದರು. ಹೊಸ ಲೆನ್ಸು ಹೊರದೇಶದಿಂದ ಬರಬೇಕು, ಲೈಸೆನ್ಸು ಅದು ಇದು ಅಂತ ತಿಂಗಳುಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಮೆಷಿನ್ನು ಇಲ್ಲಿ ಧೂಳು ತಿನ್ನುವುದು ಬೇಡ, ಸೋಮವಾರ ಲಾರಿ ಕಳಿಸುತ್ತೇನೆ ಎಂದರು. ಒಮ್ಮೆ ಹೋದ ಮೆಷಿನ್ನು ಮತ್ತೆ ಬೆಟ್ಟದ ಬುಡಕ್ಕೆ ಬರುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಜಮಾನರಿಗೆ ಒಳಗೊಳಗೇ ಅದು ಹಗುರವೇ ಆದಂತಿತ್ತು. "ನಿಮ್ಗೇನ್ ಕೆಲ್ಸ ಇಲ್ದೆ ಹೋಗಲ್ಲ. ಕಾಯಿ ಸುಲಿಯೋದು ಇದ್ದೇ ಐತಲ್ಲ," ಅಂದರು.

ಕಾಯಿ ಸುಲಿಯುವುದು! ಮಂಡಿಯ ಅಂಗಳದಲ್ಲಿ ಕೂತು, ಉಗುರು ಸೀಳಿ, ಸಂಜೆಗೆ ಬೆರಳು ಮಡಿಸಲಾಗದೆ ಮನೆಗೆ ಹೋಗುವುದನ್ನು ನಾವೆಲ್ಲ ಮಾಡಿ ಬಿಟ್ಟು ಬಂದಿದ್ದೆವು. ಪಾವಗಡದ ಅಕ್ಕ ಗಂಡನ ಮನೆ ಬಿಟ್ಟು ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬಂದವಳು. "ಮೆಷಿನ್ನು ಆಪರೇಟರು" ಅಂದ ಮೇಲೆಯೇ ಅವಳಿಗೆ ಬಾಡಿಗೆ ಮನೆ ಸಿಕ್ಕಿದ್ದು. ನನಗೋ, ಇಲ್ಲಿ ಕೆಲಸ ತಪ್ಪಿದರೆ ಮನೆಯಲ್ಲಿ ನೋಡಿಟ್ಟಿದ್ದ ಗಂಡಿಗೆ ಮಾತು ಕೊಟ್ಟುಬಿಡುತ್ತಿದ್ದರು.

"ಸಾರ್," ಅಂದೆ ನಾನು, "ಸೋಮವಾರ ಲಾರಿ ಬರೋದ್ರೊಳಗೆ ನಾವು ಡಬ್ಬಿ ಬೆಸೆದು ನೀರಿಗೆ ಹಾಕಿ ತೋರ್ಸಿದ್ರೆ?"

ಬೆಸೆದ ಡಬ್ಬಿಯನ್ನು ಬಿಸಿನೀರಿನ ಗಾಜಿನ ಪಾತ್ರೆಯಲ್ಲಿ ಮುಳುಗಿಸುವುದು ನಮ್ಮ ಪರೀಕ್ಷೆ. ಒಳಗಿನ ಗಾಳಿ ಹಿಗ್ಗಿ, ಎಲ್ಲಿಯಾದರೂ ಸಂದು ಇದ್ದರೆ ಗುಳ್ಳೆ ಏಳುತ್ತದೆ.

ಅಧಿಕಾರಿ ಈಗ ನಕ್ಕರು. "ಯಾತರಿಂದ ಬೆಸೆಯುತ್ತೀರಮ್ಮ, ವಿಭೂತಿಯಿಂದಲೇ? ಆಯಿತು, ಗುಳ್ಳೆ ಬರದ ಡಬ್ಬಿ ತೋರಿಸಿ. ಲಾರಿ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತೆ."

ಅವರು ತಮಾಷೆಗೆ ಅಂದರು. ಎಲ್ಲರ ಎದುರಿಗೆ ಅಂದರಲ್ಲ, ನಮಗೆ ಅಷ್ಟು ಸಾಕಾಗಿತ್ತು.

ಮೆಷಿನ್ನನ್ನು ಕಟ್ಟಿಸುವ ಉಸ್ತುವಾರಿಗೆಂದು ಎಂಜಿನಿಯರನ್ನು ಇಲ್ಲೇ ಬಿಟ್ಟು ಅಧಿಕಾರಿಯ ಕಾರು ಕೊರಟಗೆರೆ ದಾರಿ ಹಿಡಿಯಿತು. ಎಂಜಿನಿಯರ್ ಒಳ್ಳೆಯ ಮನುಷ್ಯ. ನಮಗೆ ಮೊದಲು ಲೆನ್ಸು ಬಿಚ್ಚುವುದನ್ನು ಹೇಳಿಕೊಟ್ಟವರು ಅವರೇ. ಈಗ ಸ್ಪ್ಯಾನರ್ ಕೈಯಲ್ಲಿ ಹಿಡಿದು, ಅಡಿಪಾಯದ ಬೋಲ್ಟುಗಳನ್ನು ನೋಡುತ್ತ ಕೂತಿದ್ದರು. ಬಿಚ್ಚಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ.

ಅವರ ಮುಖ ನೋಡಿ ಅವ್ವಾರಿಗೆ ಕನಿಕರ ಬಂದಿತು. ಸೆರಗು ಎಳೆದು ತೋರಿಸಿದರು. ಕಪ್ಪಂಚಿನ ಒಂದು ತೂತು. "ನೋಡಪ್ಪ, ನಿನ್ನ ಮೆಷಿನ್ನೊಂದೇನಾ ಸುಡೋದು? ಮೊನ್ನೆ ಜಗುಲೀಲಿ ಈ ಕನ್ನಡ್ಕ ಬಿಚ್ಚಿ ಮಡ್ಲಾಗಿಕ್ಕಂಡು ತೂಕಡಿಸ್ತಾ ಕುಂತಿದ್ದೆ. ಬಿಸ್ಲು ಬಿತ್ತು. ಚುರ್ ಅಂತು. ಸೀರೆ ತೂತು! ಆ ಡಾಕ್ಟ್ರು ನಂಗೆ ಕನ್ನಡ್ಕ ಕೊಟ್ನೋ, ಕೊಳ್ಳಿ ಕೊಟ್ನೋ."

ನಾವೆಲ್ಲ ನಕ್ಕೆವು. ಎಂಜಿನಿಯರ್ ನಗಲಿಲ್ಲ. ತಲೆಯೆತ್ತಿ ಅವರ ಮುಖವನ್ನೇ ನೋಡಿದರು. ಆಮೇಲೆ "ಅಮ್ಮ, ಒಂದು ನಿಮಿಷ ಕೊಡಿ" ಎಂದು ಕನ್ನಡಕ ಇಸಿದುಕೊಂಡು ಅಂಗಳಕ್ಕೆ ಹೋದರು. ನಾನೂ ಹಿಂದೆ ಹೋದೆ. ಬಿಸಿಲಿಗೆ ಗಾಜು ಹಿಡಿದು, ಸಿಮೆಂಟಿನ ಚೀಲದ ಕಾಗದದ ಮೇಲೆ ಬೆಳಕನ್ನು ಚುಕ್ಕಿಯಾಗಿಸಿ, ಸ್ಕೇಲಿನಿಂದ ದೂರ ಅಳೆದರು. ಕಾಗದ ಹೊಗೆಯಾಡಿತು.

"ಪ್ಲಸ್ ಹತ್ತು. ಹತ್ತು ಸೆಂಟಿಮೀಟರ್," ಅಂದರು. "ನಮ್ಮ ಲೆನ್ಸಿನದೂ ಇಷ್ಟೇ."

"ಅಂಗಾದ್ರೆ ಇದನ್ನೇ ಹಾಕಣ!"

"ಇದು ಆಗಲ್ಲ. ಎರಡೂ ಕಡೆ ಬಾಗಿದೆ, ಸವೆದಿದೆ. ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು ಇರೋ ಹೊಸ ಗಾಜು ಬೇಕು. ಸಿಕ್ಕರೂ ಅದಕ್ಕೆ ಲೇಪ ಇರಲ್ಲ. ಬರಿಗಾಜು. ಒಂದಷ್ಟು ಬೆಳಕು ಹಿಂದಕ್ಕೆ ಪುಟಿದು ಹೋಗುತ್ತೆ. ಅದೇನಾದರೂ ಕಡ್ಡಿಯ ಒಳಗೆ ಕೂಡಿದರೆ ಕಡ್ಡಿ ಸೀಳುತ್ತೆ. ಲೆನ್ಸು ಹೋಗಿದ್ದಕ್ಕೆ ವಿಭೂತಿ ಕಾರಣ ಅಂದಾಯಿತು. ಕಡ್ಡಿ ಹೋದರೆ ನನ್ನ ಕೆಲಸವೇ ಹೋಗುತ್ತೆ."

"ಕೆಲ್ಸ ಹೋಗೋದು ನಿಮಗೊಬ್ರಿಗೇನಾ ಸಾರ್?"

ನಾನು ಆ ಅಂಗಳದಲ್ಲಿ ನಿಂತು ತೀರ್ಮಾನ ಮಾಡಿದೆ. "ಗಾಜು ತರೋದು ನಾನು, ಪೆಡಲ್ ತುಳಿಯೋದು ನಾನು. ಕಡ್ಡಿ ಸೀಳಿದ್ರೆ ನೀವು ಬ್ಯಾಡ ಅಂದ್ರೂ ಆ ಹೆಂಗ್ಸು ಕೇಳ್ಲಿಲ್ಲ ಅಂತ ಹೇಳಿ. ಬೋಲ್ಟ್ ಮಾತ್ರ ಬಿಚ್ಬ್ಯಾಡಿ."

ಎಂಜಿನಿಯರ್ ಸ್ಪ್ಯಾನರನ್ನು ಕಿಟಕಿಯ ಮೇಲಿಟ್ಟರು. ಉಂಗುರದ ಒಳ ಅಳತೆಯನ್ನು ಒಂದು ರಟ್ಟಿನಲ್ಲಿ ಕತ್ತರಿಸಿ ನನ್ನ ಕೈಗೆ ಕೊಟ್ಟು, "ಪ್ಲಾಸ್ಟಿಕ್ ಬೇಡ, ಗಾಜೇ ಆಗಬೇಕು. ಒಳಗೆ ಗುಳ್ಳೆ, ಎಳೆ ಏನೂ ಇರಬಾರದು," ಎಂದರು.

ಶನಿವಾರ ಶಿರಾ ಬಸ್ಸು ಹಿಡಿದೆ. ಮಸೀದಿ ಕಡೆಯ ಬೀದಿಯಲ್ಲಿ ಒಬ್ಬ ಚಾಚಾ ಕನ್ನಡಕದ ಅಂಗಡಿ ಇಟ್ಟಿದ್ದರು. ಸುತ್ತಿನ ತಾಲ್ಲೂಕುಗಳಲ್ಲಿ ಕಣ್ಣಿನ ಶಿಬಿರ ಆದಾಗಲೆಲ್ಲ ಪೊರೆ ತೆಗೆಸಿದವರಿಗೆ ಗಾಜು ಕೂರಿಸುತ್ತಿದ್ದವರು ಅವರು.

"ಪ್ಲಸ್ ಹತ್ತು ಬೇಕು ಚಾಚಾ. ಒಂದು ಕಡೆ ಚಪ್ಪಟೆ ಇರೋದು."

"ಪೇಷಂಟ್ ಕಹಾಂ, ಎಲ್ಲಿ? ಕರ್ಕೊಂಡು ಬಾ ಬೇಟಿ, ಕಣ್ಣು ನೋಡ್ದೆ ಕೊಡೋದಿಲ್ಲ ನಾನು."

"ಮಧುಗಿರೀಲೈತೆ ಚಾಚಾ. ಬಸ್ಸು ಹತ್ತಕ್ಕಾಗಲ್ಲ."

"ಅರೆ, ಪಾಪ. ಎರಡೂ ಕಣ್ಣಾ?"

"ಒಂದೇ ಕಣ್ಣು ಇರೋದು."

"ಯಾ ಅಲ್ಲಾ," ಎಂದು ಚಾಚಾ ಕೈಯೆತ್ತಿದರು. ಅವರ ಮರುಕ ನೋಡಲಾರದೆ ನಾನು ನಿಜ ಹೇಳಿದೆ. ಕೇಳಿ ಅವರು ನಕ್ಕ ನಗೆಗೆ ಎದುರಿನ ಪಾತ್ರೆ ಅಂಗಡಿಯವರು ಎದ್ದು ಬಂದರು. ನಗು ಮುಗಿದ ಮೇಲೆ ಮಾತ್ರ ಮನುಷ್ಯ ಬೇರೆಯೇ ಆದರು. ಡ್ರಾಯರಿನಿಂದ ದುಂಡನೆಯ ಗಾಜುಗಳನ್ನು ತೆಗೆದು ಒಂದೊಂದನ್ನೂ ಕಿಟಕಿಯ ಸರಳಿನ ಎದುರು ಹಿಡಿದು ಮೆಲ್ಲಗೆ ಆಡಿಸಿದರು. ಗಾಜಿನಲ್ಲಿ ಎಳೆ ಇದ್ದರೆ ಸರಳು ನೀರಿನಲ್ಲಿ ಕಂಡಂತೆ ಅಲುಗುತ್ತದೆ ಎಂದು ನನಗೂ ತೋರಿಸಿದರು. ಸುಮಾರು ಗಾಜು ಪಕ್ಕಕ್ಕೆ ಹೋದವು. ಕೊನೆಗೆ ಎರಡು ಉಳಿದವು. ಸಾಣೆಕಲ್ಲಿನ ಮೇಲೆ ನೀರು ತೊಟ್ಟಿಕ್ಕಿಸುತ್ತ, ರಟ್ಟಿನ ಅಳತೆಗೆ ಅಂಚು ಅರೆದು, ಉಂಗುರದಲ್ಲಿ ಅಲುಗದೆ ಕೂರುವಂತೆ ಮಾಡಿಕೊಟ್ಟರು.

"ಒರೆಸೋವಾಗ ಹುಷಾರು ಬೇಟಿ. ಸೆರಗಿನಲ್ಲಿ ಒರೆಸ್ತಾರೆ ಎಲ್ಲಾರೂ, ಗಾಜು ಬರ್ಬಾದ್," ಅಂದರು.

"ನಮ್ಮಲ್ಲಿ ಶಲ್ಯದಲ್ಲಿ ಒರೆಸ್ತಾರೆ ಚಾಚಾ," ಅಂದೆ.

ಭಾನುವಾರ ಬೆಳಿಗ್ಗೆ ಕರೆಂಟು ಇತ್ತು. ಅಷ್ಟರಲ್ಲಿ ಎಂಜಿನಿಯರ್ ಒಂದು ಕೆಲಸ ಮಾಡಿದ್ದರು: ಪೇಟೆಯ ರಕ್ತಪರೀಕ್ಷೆಯ ಲ್ಯಾಬಿಗೆ ಹೋಗಿ, ರಕ್ತದ ಹನಿ ಇಡುವ ತೆಳ್ಳನೆಯ ಗಾಜಿನ ಪಟ್ಟಿಗಳ ಒಂದು ಪೊಟ್ಟಣ ತಂದಿದ್ದರು. ಲೆನ್ಸಿನ ಕೆಳಗೆ ಅದನ್ನು ತೂರಿಸಲು ತಗಡಿನ ಒಂದು ಜಾರುಪಟ್ಟಿ ಮಾಡಿದೆವು. ಕಿಡಿ ಸಿಡಿದರೆ ಪಟ್ಟಿಗೆ ಬಡಿಯಲಿ, ಲೆನ್ಸಿಗೆ ಬೇಡ. ಪಟ್ಟಿ ಹಾಳಾದರೆ ಎಳೆದು ಎಸೆದು ಹೊಸದು ತೂರಿಸಬಹುದು.

ಅಕ್ಕ ಅಸಿಟೋನ್ ಹನಿ ಬಿಟ್ಟು ಕಾಗದ ಎಳೆದಳು. ಎಂಜಿನಿಯರ್ ಗಾಜನ್ನು ಉಂಗುರದಲ್ಲಿ ಕೂರಿಸಿದರು. ಮೊದಲು, ದೀಪಕ್ಕೆ ಕರೆಂಟು ಕೂಡಿಡುವ ಕೆಪಾಸಿಟರಿಗೆ ಕಡಿಮೆ ವೋಲ್ಟೇಜ್ ತುಂಬಿಸಿ, ಮೇಲಿನ ಮುಚ್ಚಳ ತೆಗೆದು ಕಡ್ಡಿಯ ತುದಿ ನೋಡಿಕೊಂಡರು. ನಾನು ಹಸಿರು ಕನ್ನಡಕ ಹಾಕಿ ಪೆಡಲ್ ತುಳಿದೆ.

ದೀಪ ಮಿಂಚಿತು. ಕಡ್ಡಿಗೆ ಏನೂ ಆಗಲಿಲ್ಲ. ಆದರೆ ತಗಡಿಗೂ ಏನೂ ಆಗಲಿಲ್ಲ. ಬೂದುಬಣ್ಣದ ಅಗಲವಾದ ಒಂದು ಮಚ್ಚೆ, ಬೆಸುಗೆ ಇಲ್ಲ. ವೋಲ್ಟೇಜ್ ಏರಿಸಿದರೆ ಮಚ್ಚೆ ಕಪ್ಪಾಯಿತು, ಆಳಕ್ಕೆ ಇಳಿಯಲಿಲ್ಲ. ಎತ್ತರ ಏರಿಸಿ ಇಳಿಸಿ ನೋಡಿದೆವು. ಹೇಗೋ ಒಂದು ಡಬ್ಬಿ ಸುತ್ತಿ ನೀರಿಗೆ ಹಾಕಿದರೆ ಮಳೆಗಾಲದ ಕಪ್ಪೆಹೊಂಡದ ಹಾಗೆ ಗುಳ್ಳೆ. ಎಂಜಿನಿಯರ್ ಸ್ಟೂಲಿನ ಮೇಲೆ ಕೂತುಬಿಟ್ಟರು. "ಕನ್ನಡಕ ಕನ್ನಡಕವೇ," ಅಂದರು.

ಪಾವಗಡದ ಅಕ್ಕ ಲೆನ್ಸಿನ ಉಂಗುರವನ್ನು ಕೆಳಗಿನಿಂದ ಇಣುಕಿ ನೋಡುತ್ತಿದ್ದಳು. ಬೇಸರವಾದಾಗಲೂ ಹುರುಪು ಬಂದಾಗಲೂ ಅವಳ ಬಾಯಿಗೆ ತೆಲುಗು ಬರುತ್ತಿತ್ತು. "ಉಬ್ಬು ಕೆಳಕ್ಕೈತೆ ಸಾರ್. ತಲಕಿಂದುಲು ಚೇಸಿ ಚೂಡಂಡಿ. ತಲೆಕೆಳಗು ಮಾಡಿ ನೋಡಿ, ಇನ್ನೇನು ಹೋಗ್ತದೆ?"

ಕನ್ನಡಕದಲ್ಲಿ ಉಬ್ಬು ಹೊರಗಿರುತ್ತದಲ್ಲ, ಅದೇ ರೂಢಿಯಲ್ಲಿ ನಾವೂ ಉಬ್ಬನ್ನು ಡಬ್ಬಿಯ ಕಡೆಗೆ ಮಾಡಿ ಕೂರಿಸಿದ್ದೆವು. ಎಂಜಿನಿಯರ್ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗಾಜಿನ ಚಿತ್ರ ಬರೆದರು, ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. "ಹೌದು," ಎಂದು ಎದ್ದು ನಿಂತರು. "ಉಬ್ಬಿದ ಕಡೆ ಮೇಲಕ್ಕೆ, ಬೆಳಕು ಬರೋ ಕಡೆಗೆ ಇರಬೇಕು. ಆಗ ಎರಡೂ ಮೈಗೆ ಬೆಳಕು ಸಮವಾಗಿ ಬಾಗುತ್ತೆ, ಚುಕ್ಕಿ ಚಿಕ್ಕದಾಗುತ್ತೆ. ಹಿಂದಕ್ಕೆ ಪುಟಿಯೋ ಬೆಳಕೂ ಉಬ್ಬಿಗೆ ಬಡಿದು ಚದುರಿಹೋಗುತ್ತೆ. ಕಡ್ಡಿಗೂ ಅದೇ ಒಳ್ಳೇದು."

ತಿರುಗಿಸಿ ಕೂರಿಸಿದೆವು. ಚುಕ್ಕಿ ಸರಿಯಾಗಿ ಎಲ್ಲಿ ಕೂಡುತ್ತದೆ ಎಂದು ತಿಳಿಯಲು ಗಡ್ಡದ ಬ್ಲೇಡು ಇಟ್ಟು ತುಳಿಯುವುದು ನಮ್ಮ ರೂಢಿ. ಎತ್ತರ ತಪ್ಪಿದ್ದರೆ 'ಪುಸ್' ಅನ್ನುತ್ತದೆ. ಹತ್ತಿರ ಬಂದಂತೆ ಸದ್ದು ಗಡುಸಾಗುತ್ತದೆ. ಸರಿಯಾದ ಜಾಗದಲ್ಲಿ ಚಿಟಿಕೆ ಹೊಡೆದಂತೆ 'ಟಕ್' ಎಂದು ಬ್ಲೇಡು ತೂತಾಗುತ್ತದೆ. ತಿರುಪು ಕೂದಲಷ್ಟು ತಿರುಗಿಸು, ತುಳಿ. ತಿರುಗಿಸು, ತುಳಿ. ಪುಸ್. ಪುಸ್. ಆಮೇಲೆ ಟಕ್.

ಶೆಡ್ಡಿನ ಹೆಂಗಸರೆಲ್ಲ ಹೋ ಎಂದರು. ಅವ್ವಾರು ಹೊರಗಿನಿಂದ "ಏನು ಒಡೀತೇ?" ಎಂದು ಕೂಗಿದರು.

"ಏನೂ ಒಡೀಲಿಲ್ಲ ಅವ್ವಾರೆ! ಕಣ್ಣು ಬಂತು!"

ಚುಕ್ಕಿ ಹಳೆಯ ಲೆನ್ಸಿನದಕ್ಕಿಂತ ಸ್ವಲ್ಪ ದಪ್ಪ. ಅದಕ್ಕೆ ತಕ್ಕಂತೆ ವೋಲ್ಟೇಜ್ ಏರಿಸಿ, ತಿರುಗಣೆಯನ್ನು ನಿಧಾನ ಮಾಡಿದೆವು. ಡಬ್ಬಿ ನೀರಿಗಿಳಿಯಿತು. ಗುಳ್ಳೆ ಇಲ್ಲ. ಇನ್ನೊಂದು ಮಾಡೋಣ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯಾದರೂ ಬರಲಿಲ್ಲ. ನಾಳೆ ಬೆಳಗ್ಗೆ ಬಂದರೆ ಬಂತು, ಇಲ್ಲದಿದ್ದರೆ ಒಂದೇ ಡಬ್ಬಿ ಇಟ್ಟುಕೊಂಡು ನಿಲ್ಲಬೇಕು.

ಸೋಮವಾರ ನಾವು ಬೆಳಕು ಹರಿಯುವಾಗಲೇ ಶೆಡ್ಡಿನಲ್ಲಿದ್ದೆವು. ಕರೆಂಟು ಬಂತು. ಒಬ್ಬಳು ಮುಚ್ಚಳ ಕೂರಿಸಿಕೊಡುವುದು, ನಾನು ಬೆಸೆಯುವುದು, ಅಕ್ಕ ಗಾಜಿನ ಪಟ್ಟಿ ಬದಲಿಸುವುದು. ಚನ್ನರಾಯನದುರ್ಗದಿಂದ ಬರುವ ನಮ್ಮವಳೊಬ್ಬಳು ಬಸ್ಸಿಳಿದು ಓಡುತ್ತ ಬಂದಳು: "ಲಾರಿ ಕೊರಟಗೆರೇಲಿ ನಿಂತೈತಂತೆ, ಪಂಚರಾಗೈತಂತೆ! ಕಂಡಕ್ಟರ್ ಹೇಳ್ದ!"

"ಇನ್ನೊಂದು ಚಕ್ರಾನೂ ಹೋಗ್ಲಿ," ಅಂದಳು ಅಕ್ಕ, ತಲೆಯೆತ್ತದೆ.

ಬಿಸಿಲೇರಿದ ಮೇಲೆ ಲಾರಿ ಬಂತು, ಹಿಂದೆ ಅಧಿಕಾರಿಯ ಕಾರು. ಮೆಷಿನ್ನು ಏರಿಸಲು ಯಜಮಾನರು ಮಂಡಿಯ ಹಮಾಲರನ್ನು ಕರೆಸಿದ್ದರು. ಅಧಿಕಾರಿ ಒಳಗೆ ಕಾಲಿಟ್ಟಾಗ ನಾನು ತುಳಿಯುವುದನ್ನು ನಿಲ್ಲಿಸಲಿಲ್ಲ. ಟಕ್, ಟಕ್, ಟಕ್. ಅವರು ಆ ಸದ್ದನ್ನು ಬಲ್ಲವರು. ಬಾಗಿಲಲ್ಲೇ ನಿಂತರು.

"ನೀರು ಕಾದೈತೆ ಸಾರ್," ಅಂದೆ. "ನಿಮ್ಮ ಕೈಯಾರೆ ಹಾಕಿ."

ಅವರು ತಟ್ಟೆಯಿಂದ ತಮಗೆ ಬೇಕಾದ ಡಬ್ಬಿಗಳನ್ನೇ ಆರಿಸಿ ಇಕ್ಕಳದಲ್ಲಿ ಹಿಡಿದು ಮುಳುಗಿಸಿದರು. ಒಂದು, ಆಮೇಲೆ ಇನ್ನೊಂದು. ಮೂರನೆಯದರಲ್ಲಿ ಸಣ್ಣ ಗುಳ್ಳೆಗಳ ಸರ ಎದ್ದಿತು. ಅವರು ನನ್ನ ಮುಖ ನೋಡಿದರು. "ಅದನ್ನ ರಿಜೆಕ್ಟಿಗೆ ಹಾಕಿ," ಅಂದೆ ನಾನು. "ದಿನಾ ಒಂದೆರಡು ಬಂದೇ ಬರ್ತಿತ್ತು, ನಿಮ್ಮ ಪರದೇಶದ ಲೆನ್ಸಿದ್ದಾಗ್ಲೂ. ಮುಂದಿಂದು ಹಾಕಿ." ಅವರು ಹಾಕುತ್ತಲೇ ಹೋದರು. ಮಿಕ್ಕ ಯಾವುದರಲ್ಲೂ ಗುಳ್ಳೆ ಏಳಲಿಲ್ಲ.

ಬಗ್ಗಿ ಉಂಗುರದೊಳಗೆ ನೋಡಿದರು. "ಇದು ಯಾವ ಲೆನ್ಸು?"

"ಶಿರಾದ್ದು ಸಾರ್."

"ಶಿರಾ?"

"ಪೊರೆ ಕನ್ನಡ್ಕದ್ದು. ಪ್ಲಸ್ ಹತ್ತು."

ಅವರ ಮುಖ ಕೆಂಪಾಯಿತು. ಎಂಜಿನಿಯರ್ ಕಡೆ ತಿರುಗಿ, ಒಪ್ಪಿಗೆ ಇಲ್ಲದ ಬಿಡಿಭಾಗ ಹಾಕಿ ಕಂಪನಿಯ ಮೆಷಿನ್ನು ಓಡಿಸಿದ್ದೀರಿ, ಮೊದಲು ಇದನ್ನು ಲಾರಿಗೆ ಏರಿಸಿ, ಮಿಕ್ಕಿದ್ದು ಬೆಂಗಳೂರಿನಲ್ಲಿ ಮಾತಾಡೋಣ ಎಂದರು. ಹಮಾಲರು ಹಗ್ಗ ಹಿಡಿದು ಮುಂದೆ ಬಂದರು.

ಅಕ್ಕ ಹೋಗಿ ಮೆಷಿನ್ನಿನ ಅಡಿಗಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಇನ್ನಿಬ್ಬರು ಅವಳ ಪಕ್ಕ ಕೂತರು. ನಾನು ಪೆಡಲ್ಲಿನಿಂದ ಎದ್ದು ನಿಂತೆ. "ಸಾರ್, ಶುಕ್ರವಾರ ನೀವು ಹೇಳಿದ್ದು ಗುಳ್ಳೆ ಅಂತ. ಲೆನ್ಸು ಯಾವ ಊರಿಂದು ಅಂತ ಕೇಳಿರಲಿಲ್ಲ. ಎಲ್ರ ಮುಂದೆ ಹೇಳಿದ್ರಿ. ಈಗ ಎಲ್ರ ಮುಂದೆ ಇಲ್ಲ ಅನ್ನಿ, ಎದ್ದೇಳ್ತೀವಿ."

ಆಗ ಎಂಜಿನಿಯರ್ ಮುಂದೆ ಬಂದು, "ಸರ್, ಲೆನ್ಸು ಕೂರಿಸಿದ್ದು ನಾನು," ಎಂದರು. ನಾನು ಹೇಳಿಕೊಟ್ಟಿದ್ದ ಮಾತು ಅದಾಗಿರಲಿಲ್ಲ. "ಕಡ್ಡಿಗೆ ಏನೂ ಆಗಿಲ್ಲ. ಬೇಕಾದರೆ ಡಬ್ಬಿಗಳನ್ನು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಫೇಲಾದರೆ ಲಾರಿ ಮತ್ತೆ ಕಳಿಸಬಹುದು."

ಅವ್ವಾರು ಸ್ಟೂಲಿನಿಂದಲೇ ಮಗನಿಗೆ ಅಂದರು: "ಲೇ, ಆ ಹೆಣ್ಮಕ್ಳು ಮೆಷಿನ್ನಿಗೆ ಅಡ್ಡ ಕುಂತವ್ರೆ. ನೀನೇನ್ಲಾ ಹಗ್ಗ ತರ್ಸಿ ನಿಂತಿದ್ದೀಯ? ಒರೆಸಿ ಕೆಡಿಸ್ದೋನು ನೀನು."

ಯಜಮಾನರು ಶಲ್ಯವನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಹಮಾಲರ ಕಡೆ ನೋಡಿ, "ಹಗ್ಗ ಮಡಚ್ರಪ್ಪ," ಅಂದರು. ಹಮಾಲರು ಅವರ ಮಂಡಿಯವರು. ಅಧಿಕಾರಿಯ ಮಾತಿಗೆ ಹಗ್ಗ ಮತ್ತೆ ಬಿಚ್ಚಿಕೊಳ್ಳಲಿಲ್ಲ.

ಲಾರಿ ಬಂದ ದಾರಿಯಲ್ಲೇ ಹೋಯಿತು. ಅದರಲ್ಲಿ ಮೆಷಿನ್ನಿನ ಬದಲು, ಹುಲ್ಲಿನ ನಡುವೆ ಇಟ್ಟ ಒಂದು ಪೆಟ್ಟಿಗೆಯ ತುಂಬ ನಮ್ಮ ಡಬ್ಬಿಗಳಿದ್ದವು. ಆ ವಾರ ಕಳೆಯುವುದರೊಳಗೆ ಟ್ರಂಕ್ ಕಾಲ್ ಬಂತು: ಲ್ಯಾಬಿನಲ್ಲಿ ಪಾಸಾಗಿದೆ, ಹೊಸ ಲೆನ್ಸು ಬರುವವರೆಗೆ ಅದರಲ್ಲೇ ನಡೆಸಬಹುದು. ಶಿರಾದ ಗಾಜು ಹಳೆಯ ಲೆನ್ಸಿನಷ್ಟು ಬಾಳಿಕೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಲೇಪವಿಲ್ಲದ ಗಾಜು ಬೇಗ ಮಂಕಾಗುತ್ತಿತ್ತು. ಮಂಕಾದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಬಸ್ಸು ಹತ್ತುತ್ತಿದ್ದರು. ಚಾಚಾ "ಒಕ್ಕಣ್ಣ ಪೇಷಂಟ್ ಹೆಂಗಿದಾನೆ?" ಎಂದು ಕೇಳಿಯೇ ಡ್ರಾಯರ್ ಎಳೆಯುತ್ತಿದ್ದರು. ಹೊರದೇಶದ ಲೆನ್ಸು ಬರುವ ಹೊತ್ತಿಗೆ ಮಧುಗಿರಿಯ ಬೇಸಿಗೆ ಕಾಲಿಟ್ಟಿತ್ತು.

ಅದಾದ ಮರುವರ್ಷ ಬೆಂಗಳೂರಿನ ಕಂಪನಿ ಇನ್ನೊಂದು ಲೇಸರ್ ಮೆಷಿನ್ನು ತರಿಸಿತು. ಅಲ್ಲಿನ ಆಪರೇಟರುಗಳಿಗೆ ಲೆನ್ಸು ಬಿಚ್ಚುವುದು, ಶುಚಿ ಮಾಡುವುದು, ಸದ್ದು ಕೇಳಿ ಚುಕ್ಕಿ ಹಿಡಿಯುವುದನ್ನು ತೋರಿಸಲು ಒಬ್ಬರನ್ನು ಕಳಿಸಿ ಎಂದು ಹೇಳಿಕಳಿಸಿದರು. ಪಾವಗಡದ ಅಕ್ಕ ಹೋದಳು. ಗೇಟಿನಲ್ಲಿ ಕಾವಲುಗಾರ ಅವಳ ಸೀರೆ, ಕೈಚೀಲ ನೋಡಿ, ಕಸ ಗುಡಿಸುವವರ ಬಾಗಿಲು ಆ ಕಡೆ ಎಂದು ಕೈ ತೋರಿಸಿದ. "ನೇನು ರಾನು," ಅಂದಳಂತೆ ಅಕ್ಕ. "ಆ ಬಾಗ್ಲಿಂದ ನಾನು ಬರಲ್ಲ." ಅಂದವಳೇ ಗೇಟಿನ ಎದುರಿನ ಮರದ ಕೆಳಗೆ ಕೂತು, ಬುತ್ತಿ ಬಿಚ್ಚಿ ಊಟಕ್ಕೆ ಶುರು ಮಾಡಿದಳು. ಒಳಗೆ ಹೊಸ ಮೆಷಿನ್ನಿನ ಮುಂದೆ ಎಲ್ಲರೂ ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅದೇ ತಪಾಸಣೆ ಅಧಿಕಾರಿ ಗೇಟಿನವರೆಗೆ ನಡೆದು ಬಂದರು. ಅವಳು ಊಟ ಮುಗಿಸಿ ಕೈ ತೊಳೆಯುವವರೆಗೆ ಬಿಸಿಲಲ್ಲಿ ನಿಂತಿದ್ದು, ದೊಡ್ಡ ಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಹೋದರು.